ಕೊಳವೆ ಹೊತ್ತ ಬಾಯಿ

ವೆಂಟಿಲೇಟರ್ ಎಂದೇ ಜನಬಳಕೆಯಲ್ಲಿರುವ ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸಿದ ರೋಗಿಯಲ್ಲಿ, ಶ್ವಾಸನಾಳಕ್ಕೆ ಕೊಳವೆ ಹಾಕಿ 48 ಗಂಟೆ ಕಳೆದ ಮೇಲೆ ಹೊಸದಾಗಿ ತಲೆದೋರುವ ನ್ಯುಮೋನಿಯಾವನ್ನು ವೈದ್ಯಶಾಸ್ತ್ರವು ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ ಎಂದು ಪ್ರತ್ಯೇಕವಾಗಿ ಗುರುತಿಸುತ್ತದೆ. ಇಂತಹ ಸೋಂಕು ಬಂದಾಗ ರೋಗಿಯ ಕಡೆಯವರು ಯಂತ್ರವನ್ನೋ ಆಸ್ಪತ್ರೆಯ ಗಾಳಿಯನ್ನೋ ದೂರುವುದು ಸಹಜವಾದರೂ, ಶ್ವಾಸಕೋಶಕ್ಕೆ ಇಳಿಯುವ ಬ್ಯಾಕ್ಟೀರಿಯಾಗಳು ಬಹುಪಾಲು ಸಂದರ್ಭಗಳಲ್ಲಿ ಹೊರಡುವುದು ರೋಗಿಯ ಬಾಯಿ ಮತ್ತು ಗಂಟಲಿನಿಂದಲೇ ಎಂಬುದು ಅರ್ಧ ಶತಮಾನದಿಂದ ತಿಳಿದಿರುವ ಸಂಗತಿ. ಹಾಗಿದ್ದೂ ಬಾಯಿಯನ್ನು ಶುಚಿಯಾಗಿಡುವ ಕೆಲಸ ತೀವ್ರ ನಿಗಾ ಘಟಕದ ದಿನಚರಿಯಲ್ಲಿ ಬಹುಕಾಲ ಚಿಕಿತ್ಸೆಯೆನಿಸಿಕೊಳ್ಳದೆ, ಮೈ ಒರೆಸುವುದು, ಹಾಸಿಗೆ ಬದಲಿಸುವುದು ಮುಂತಾದ ಆರೈಕೆಯ ಸಾಲಿನಲ್ಲೇ ಉಳಿಯಿತು. ಅದಕ್ಕೆ ಚಿಕಿತ್ಸೆಯ ಸ್ಥಾನ ದೊರೆತದ್ದು ಬಾಟಲಿಯಲ್ಲಿ ಬರುವ ಒಂದು ದ್ರಾವಣದ ಹೆಸರಿನಲ್ಲಿ. ಆ ದ್ರಾವಣ ಈಗ ಹಿಂದೆ ಸರಿಯುತ್ತಿದ್ದು, ಅದರ ನೆರಳಿನಲ್ಲಿ ಮರೆಯಾಗಿದ್ದ ಟೂತ್ ಬ್ರಷ್ ಮುಂದೆ ಬರುತ್ತಿದೆ.

ಗಾಳಿಯನ್ನು ಒತ್ತಡದಿಂದ ಶ್ವಾಸಕೋಶಕ್ಕೆ ತುಂಬುವ ಇಂದಿನ ಕ್ರಮ ವ್ಯಾಪಕವಾಗಿ ನೆಲೆಯೂರಿದ್ದು 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಬಾಧಿಸಿದ ಪೋಲಿಯೊ ಸಾಂಕ್ರಾಮಿಕದ ಅನಂತರ. ಅಲ್ಲಿನ ಬ್ಲೆಗ್ಡಮ್ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ರೋಗಿಗಳ ಕತ್ತಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಇಳಿಸಲಾಯಿತು. ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಕೈಯಿಂದ ಗಾಳಿಚೀಲ ಅದುಮಿ ಅವರನ್ನು ಉಸಿರಾಡಿಸಿದರು. ಇಂದು ಸಾಮಾನ್ಯವಾಗಿ ಕೊಳವೆಯನ್ನು ಬಾಯಿಯ ಮೂಲಕವೇ ಧ್ವನಿಪೆಟ್ಟಿಗೆಯನ್ನು ದಾಟಿಸಿ ಶ್ವಾಸನಾಳಕ್ಕೆ ಇಳಿಸುತ್ತಾರೆ. ಕೊಳವೆಯ ಕೆಳತುದಿಯ ಸುತ್ತ ಕಫ್ ಎಂಬ ಚಿಕ್ಕ ಬಲೂನು ಇರುತ್ತದೆ. ಅದನ್ನು 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಉಬ್ಬಿಸಿದಾಗ ಶ್ವಾಸನಾಳದ ಗೋಡೆಗೆ ಅಂಟಿಕೊಂಡು, ಯಂತ್ರ ಕೊಟ್ಟ ಗಾಳಿ ಮೇಲಕ್ಕೆ ಸೋರದಂತೆ ತಡೆಯುತ್ತದೆ. ಒತ್ತಡ ಇದಕ್ಕಿಂತ ಹೆಚ್ಚಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತಸಂಚಾರ ಕುಂದುತ್ತದೆ. ಕಡಿಮೆಯಾದರೆ ಮೇಲಿನ ದ್ರವ ಕೆಳಗಿಳಿಯುತ್ತದೆ. ಗಾಳಿಯನ್ನು ಹಿಡಿದಿಡುವ ಈ ಬಲೂನು ದ್ರವವನ್ನು ಪೂರ್ತಿ ತಡೆಯಲಾರದು. ಉಬ್ಬಿದ ಬಲೂನಿನ ಮೈಯಲ್ಲಿ ಉಳಿಯುವ ಸೂಕ್ಷ್ಮ ಮಡಿಕೆಗಳ ಸಂದಿನಿಂದ, ಅದರ ಮೇಲ್ಭಾಗದಲ್ಲಿ ನಿಂತ ಜೊಲ್ಲು ಮತ್ತು ಲೋಳೆ ಹನಿಹನಿಯಾಗಿ ಕೆಳಕ್ಕೆ ಜಿನುಗುತ್ತಲೇ ಇರುತ್ತವೆ. ಎಚ್ಚರದಲ್ಲಿರುವ ಆರೋಗ್ಯವಂತನ ಗಂಟಲಿಗೆ ಒಂದು ಹನಿ ದಾರಿ ತಪ್ಪಿ ಇಳಿದರೂ ಕೆಮ್ಮು ಅದನ್ನು ಹೊರದೂಡುತ್ತದೆ. ನಿದ್ರಾಜನಕ ಔಷಧದ ಅಮಲಿನಲ್ಲಿ ಮಲಗಿರುವ ರೋಗಿಗೆ ಆ ಕೆಮ್ಮೂ ಇಲ್ಲ, ನುಂಗುವ ಶಕ್ತಿಯೂ ಇಲ್ಲ.

ಜಿನುಗುವ ದ್ರವದಲ್ಲಿ ಏನಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನವರೆಗೆ ಸ್ರವಿಸುವ ಲಾಲಾರಸವು ಬಾಯಿಯನ್ನು ಸದಾ ತೊಳೆಯುತ್ತಿರುವುದಲ್ಲದೆ, ಲೈಸೋಜೈಮ್, ಲ್ಯಾಕ್ಟೋಫೆರಿನ್ ಮತ್ತು ಪ್ರತಿಕಾಯಗಳಂತಹ ರಕ್ಷಕ ವಸ್ತುಗಳನ್ನೂ ಹೊತ್ತಿರುತ್ತದೆ. ಕೊಳವೆಯಿಂದಾಗಿ ಬಾಯಿ ಸದಾ ತೆರೆದೇ ಇರುವುದು, ಅಗಿಯುವ ನುಂಗುವ ಚಲನೆ ನಿಂತಿರುವುದು, ನೋವು ನಿವಾರಕ ಮತ್ತು ಮೂತ್ರವರ್ಧಕ ಔಷಧಗಳು ಬಾಯನ್ನು ಒಣಗಿಸುವುದು, ಇವೆಲ್ಲ ಕೂಡಿ ಈ ತೊಳೆತವನ್ನು ನಿಲ್ಲಿಸಿಬಿಡುತ್ತವೆ. ಇದಕ್ಕಿಂತ ಸೂಕ್ಷ್ಮವಾದ ಬದಲಾವಣೆಯೊಂದು ಬಾಯಿಯ ಒಳಪದರದ ಜೀವಕೋಶಗಳಲ್ಲಿ ನಡೆಯುತ್ತದೆ. ಆ ಕೋಶಗಳ ಮೇಲ್ಮೈಯನ್ನು ಹೊದ್ದಿರುವ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನು ನಿರುಪದ್ರವಿ ಬ್ಯಾಕ್ಟೀರಿಯಾಗಳಿಗೆ ನೆಲೆ ಕೊಟ್ಟು ಹೊರಗಿನವಕ್ಕೆ ಜಾಗ ಬಿಡುವುದಿಲ್ಲ. ತೀವ್ರ ಅಸ್ವಸ್ಥತೆಯಲ್ಲಿ ಕಿಣ್ವಗಳು ಈ ಹೊದಿಕೆಯನ್ನು ಕರಗಿಸಿದಾಗ, ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಮುಂತಾದ ಗ್ರಾಮ್ ನೆಗೆಟಿವ್ ಗುಂಪಿನ ಬ್ಯಾಕ್ಟೀರಿಯಾಗಳು ಅಲ್ಲಿ ಬಂದು ಕೂರುತ್ತವೆ. ಭಾರತದ ಆಸ್ಪತ್ರೆಗಳಲ್ಲಿ ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದಿರುವವೂ ಇವೇ.

ಹಲ್ಲಿನ ಮೇಲಿನ ಪಾಚಿ ಇವಕ್ಕೆ ಭದ್ರವಾದ ಆಸರೆ. ದಂತಪಾಚಿಯೆಂದರೆ ಅಂಟಿಕೊಂಡ ಕೊಳೆಯಷ್ಟೇ ಅಲ್ಲ. ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನೊಳಗೆ ಪದರ ಪದರವಾಗಿ ನೆಲೆಸಿರುವ ಜೈವಿಕ ಪೊರೆ. ಹಲ್ಲುಜ್ಜದಿದ್ದರೆ ಅದು ಎಷ್ಟು ಬೇಗ ತೊಂದರೆ ಕೊಡುತ್ತದೆಂಬುದನ್ನು ಹಾರಾಲ್ಡ್ ಲೋ ಮತ್ತು ಸಹೋದ್ಯೋಗಿಗಳು 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ತೋರಿಸಿದರು. ಒಸಡು ಆರೋಗ್ಯವಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ಸಂಪೂರ್ಣ ನಿಲ್ಲಿಸಿದಾಗ, 10ರಿಂದ 21 ದಿನಗಳೊಳಗೆ ಎಲ್ಲರಿಗೂ ಒಸಡಿನ ಉರಿಯೂತ ಬಂತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಅದು ಶಮನವಾಯಿತು. ಇವರೆಲ್ಲ ಉಂಡು, ಮಾತಾಡಿ, ನೀರು ಕುಡಿದು ಓಡಾಡುತ್ತಿದ್ದ ಆರೋಗ್ಯವಂತರು.

ಬಾಯಿಯಿಂದ ಶ್ವಾಸಕೋಶಕ್ಕಿರುವ ಈ ದಾರಿಯನ್ನು ಮೊದಲು ಅಂಕಿಗಳಲ್ಲಿ ಹಿಡಿದವರಲ್ಲಿ ಅಮೆರಿಕದ ವಾಲ್ಡೆಮಾರ್ ಜೊಹಾನ್ಸನ್ ಪ್ರಮುಖರು. ರೋಗ ತೀವ್ರವಾದಷ್ಟೂ ಗಂಟಲಿನಲ್ಲಿ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳು ಹೆಚ್ಚಾಗುತ್ತವೆಂದು 1969ರಲ್ಲಿ ಪ್ರಕಟಿಸಿದ ಅವರ ತಂಡ, 1972ರಲ್ಲಿ ತೀವ್ರ ನಿಗಾ ಘಟಕದ 213 ರೋಗಿಗಳ ಅಧ್ಯಯನದಲ್ಲಿ, ಈ ಬ್ಯಾಕ್ಟೀರಿಯಾಗಳು ನೆಲೆಸಿದ್ದವರ ಪೈಕಿ ಶೇಕಡಾ 23 ಮಂದಿಗೆ ಶ್ವಾಸಕೋಶದ ಸೋಂಕು ತಗುಲಿತೆಂದೂ ನೆಲೆಸಿರದವರಲ್ಲಿ ಆ ಪ್ರಮಾಣ ಶೇಕಡಾ 3.3 ಮಾತ್ರವೆಂದೂ ತೋರಿಸಿತು. ಅಲ್ಲಿಗೂ ಹಲ್ಲನ್ನು ಯಾರೂ ಗಮನವಿಟ್ಟು ನೋಡಿರಲಿಲ್ಲ. 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಫ್ರಾಂಕ್ ಸ್ಕಾನಪಿಯೆಕೊ ತಂಡ ಪಾಚಿಯನ್ನೂ ಬಾಯಿಯ ಒಳಪದರವನ್ನೂ ಪರೀಕ್ಷಿಸಿದಾಗ, ತೀವ್ರ ನಿಗಾ ಘಟಕದ 34 ರೋಗಿಗಳಲ್ಲಿ 22 ಮಂದಿಯ ಬಾಯಿಯಲ್ಲಿ ಶ್ವಾಸಕೋಶಕ್ಕೆ ಸೋಂಕು ತರಬಲ್ಲ ಬ್ಯಾಕ್ಟೀರಿಯಾಗಳು ಸಿಕ್ಕವು. ದಂತ ಚಿಕಿತ್ಸಾಲಯಕ್ಕೆ ಬಂದಿದ್ದ 25 ಮಂದಿಯಲ್ಲಿ ಸಿಕ್ಕದ್ದು ನಾಲ್ವರ ಬಾಯಿಯಲ್ಲಿ.

ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಬೇಕಾಗುವ ಕಾರಣಗಳನ್ನು ಗಮನಿಸಿದರೆ ಈ ಸಮಸ್ಯೆಗೆ ಇನ್ನಷ್ಟು ಮಗ್ಗುಲುಗಳು ಕಾಣುತ್ತವೆ. ಕೃಷಿಯಲ್ಲಿ ಬಳಸುವ ಆರ್ಗನೋಫಾಸ್ಫರಸ್ ಜಾತಿಯ ಕೀಟನಾಶಕ ಹೊಟ್ಟೆ ಸೇರಿದಾಗ ಮೊದಲು ಜೊಲ್ಲು, ಕಣ್ಣೀರು, ಬೆವರು ಧಾರಾಕಾರವಾಗಿ ಸುರಿಯುತ್ತವೆ. ಅದನ್ನು ತಡೆಯಲು ಕೊಡುವ ಅಟ್ರೋಪಿನ್ ಚುಚ್ಚುಮದ್ದು ಅದೇ ಬಾಯನ್ನು ಕೆಲವೇ ಗಂಟೆಗಳಲ್ಲಿ ಬಿರುಕುಬಿಡುವಷ್ಟು ಒಣಗಿಸುತ್ತದೆ. ಕಟ್ಟುಹಾವು, ನಾಗರಹಾವುಗಳ ಕಡಿತದಲ್ಲಿ ಉಸಿರಾಟದ ಸ್ನಾಯುಗಳು ಸೋತು ಯಂತ್ರದ ನೆರವು ಬೇಕಾಗುತ್ತದೆ. ಕಣ್ಣೆವೆ ತೆರೆಯಲೂ ಆಗದ ಅಂತಹ ರೋಗಿಗೆ ಪ್ರಜ್ಞೆ ಪೂರ್ಣವಾಗಿರಬಹುದಾದ್ದರಿಂದ, ಬಾಯಿಯಲ್ಲಿ ನಡೆಯುವ ಪ್ರತಿಯೊಂದು ಕ್ರಿಯೆಯೂ ಅವನ ಅನುಭವಕ್ಕೆ ಬರುತ್ತದೆ. ಡೆಂಗಿಯಿಂದ ಪ್ಲೇಟ್‌ಲೆಟ್ ಕುಸಿದವರಲ್ಲಿ ಒಸಡು ಮುಟ್ಟಿದರೆ ರಕ್ತ ಬರುತ್ತದೆ. ಎಲ್ಲಕ್ಕಿಂತ ತೊಡಕಿನವರು ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರು. ಅಡಿಕೆಯಲ್ಲಿರುವ ರಾಸಾಯನಿಕಗಳಿಂದ ಕೆನ್ನೆಯ ಒಳಪದರದಡಿ ನಾರಿನ ಅಂಗಾಂಶ ಬೆಳೆದು ಬಾಯಿ ತೆರೆಯುವಿಕೆ ಕುಗ್ಗುತ್ತಾ ಹೋಗುವ ಸ್ಥಿತಿಗೆ ದಂತವೈದ್ಯರು ಒಳಪೊರೆ ನಾರುಗಟ್ಟುವಿಕೆ ಎನ್ನುತ್ತಾರೆ. ಎರಡು ಬೆರಳು ತೂರದಷ್ಟು ಕಿರಿದಾದ ಬಾಯಿಗೆ ಕೊಳವೆ ಇಳಿಸುವುದೇ ಅರಿವಳಿಕೆ ತಜ್ಞರಿಗೆ ಸವಾಲು. ಇಳಿಸಿದ ಮೇಲೆ ಅದರ ಪಕ್ಕದಲ್ಲಿ ಬ್ರಷ್ ಆಡಿಸಲು ಉಳಿಯುವ ಜಾಗವಂತೂ ಅತ್ಯಲ್ಪ.

ಇಷ್ಟು ಕಷ್ಟದ ಕೆಲಸಕ್ಕೆ ಸುಲಭದ ಉತ್ತರವಾಗಿ ಬಂದದ್ದು ಕ್ಲೋರ್‌ಹೆಕ್ಸಿಡೀನ್. ಬ್ರಿಟನ್ನಿನ ಐಸಿಐ ಸಂಸ್ಥೆಯಲ್ಲಿ ರೂಪುಗೊಂಡು 1950ರ ದಶಕದಲ್ಲಿ ಬಳಕೆಗೆ ಬಂದ, ದಂತವೈದ್ಯರ ಚೀಟಿಯಲ್ಲಿ ಇಂದಿಗೂ ಮುಕ್ಕಳಿಸುವ ಔಷಧವಾಗಿ ಕಾಣಿಸುವ ಈ ನಂಜುನಿರೋಧಕವು ಬಾಯಿಯ ಮೇಲ್ಮೈಗೆ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. 1996ರಲ್ಲಿ ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 353 ರೋಗಿಗಳ ಮೇಲೆ ನಡೆದ ಪ್ರಯೋಗವೊಂದು, ಶೇಕಡಾ 0.12ರ ದ್ರಾವಣದಿಂದ ಶ್ವಾಸಾಂಗದ ಸೋಂಕುಗಳು ಶೇಕಡಾ 69ರಷ್ಟು ಇಳಿದುವೆಂದು ವರದಿ ಮಾಡಿತು. ಆಸ್ಪತ್ರೆಗಳ ಗುಣಮಟ್ಟ ಸುಧಾರಣೆಗೆ ದುಡಿಯುವ ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ಹೆಲ್ತ್‌ಕೇರ್ ಇಂಪ್ರೂವ್‌ಮೆಂಟ್ ಎಂಬ ಸಂಸ್ಥೆ, ವೆಂಟಿಲೇಟರ್ ರೋಗಿಗಳಿಗೆ ತಪ್ಪದೆ ಮಾಡಬೇಕಾದ ಕೆಲವು ಕ್ರಮಗಳ ಕಟ್ಟನ್ನು ಬಂಡಲ್ ಎಂಬ ಹೆಸರಿನಲ್ಲಿ ಪ್ರಚುರಪಡಿಸುತ್ತಿತ್ತು. 2010ರಲ್ಲಿ ಆ ಕಟ್ಟಿಗೆ ಕ್ಲೋರ್‌ಹೆಕ್ಸಿಡೀನಿನಿಂದ ನಿತ್ಯ ಬಾಯಿ ಆರೈಕೆ ಎಂಬುದನ್ನೂ ಸೇರಿಸಿತು. ಜಗತ್ತಿನ ತೀವ್ರ ನಿಗಾ ಘಟಕಗಳ ತಪಾಸಣಾ ಪಟ್ಟಿಗಳಲ್ಲಿ, ಭಾರತದವುಗಳಲ್ಲೂ, ಅದು ಒಂದು ಚೌಕವಾಗಿ ನೆಲೆಗೊಂಡಿತು. ಗಾಜ್ ತುಂಡನ್ನು ದ್ರಾವಣದಲ್ಲಿ ಅದ್ದಿ ಬಾಯಿಯಲ್ಲಿ ಸವರಿ ಆ ಚೌಕದಲ್ಲಿ ಗುರುತು ಹಾಕಿದರೆ ಬಾಯಿ ಆರೈಕೆ ಮುಗಿಯಿತೆಂದೇ ಲೆಕ್ಕ.

ಈ ನಂಬಿಕೆಯ ಬುಡ ಅಲುಗಿದ್ದು 2014ರಲ್ಲಿ. ಬಾಸ್ಟನ್ನಿನ ಮೈಕೆಲ್ ಕ್ಲೊಂಪಾಸ್ ಮತ್ತು ಸಹೋದ್ಯೋಗಿಗಳು 16 ಯಾದೃಚ್ಛಿಕ ಪ್ರಯೋಗಗಳ 3630 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಮರುವಿಶ್ಲೇಷಿಸಿದರು. ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಪ್ರಯೋಜನ ಉಳಿಯಿತಾದರೂ ಅವರಲ್ಲಿ ಬಹುತೇಕರು ಒಂದೆರಡು ದಿನಗಳಲ್ಲೇ ಯಂತ್ರದಿಂದ ಬಿಡುಗಡೆಯಾಗುವವರು. ಉಳಿದ ರೋಗಿಗಳ ಪ್ರಯೋಗಗಳ ಪೈಕಿ, ಕೊಟ್ಟದ್ದು ಔಷಧವೋ ಬರಿಯ ದ್ರವವೋ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ನಡೆದವುಗಳಲ್ಲಿ ನ್ಯುಮೋನಿಯಾ ಗಮನಾರ್ಹವಾಗಿ ಕಡಿಮೆಯಾಗಿರಲಿಲ್ಲ. ಸಾವಿನ ಪ್ರಮಾಣವಂತೂ ಔಷಧ ಪಡೆದವರ ಕಡೆ ತುಸು ಏರಿದಂತೆಯೇ ತೋರುತ್ತಿತ್ತು. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆಯೂ ಸಾವಿನ ಕಡೆಗೇ ಬೆರಳು ಮಾಡಿತು. ದ್ರಾವಣ ಶ್ವಾಸಕೋಶಕ್ಕೆ ಇಳಿದು ಹಾನಿ ಮಾಡುತ್ತಿರಬಹುದೆಂಬ ವಿವರಣೆ ಸಂಭವನೀಯವೇ ಹೊರತು ಸಾಬೀತಾದುದಲ್ಲ.

ಸಾವು ಇಳಿಯದಿದ್ದರೂ ಹಳೆಯ ಪ್ರಯೋಗಗಳಲ್ಲಿ ನ್ಯುಮೋನಿಯಾ ಇಳಿದಂತೆ ಕಂಡದ್ದೇಕೆ? ಇಲ್ಲಿ ರೋಗನಿರ್ಣಯದ ಒಂದು ದೌರ್ಬಲ್ಯ ಎದುರಾಗುತ್ತದೆ. ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾಕ್ಕೆ ಸಂಶಯಾತೀತವಾದ ಪರೀಕ್ಷೆಯೊಂದಿಲ್ಲ. ಜ್ವರ, ಬಿಳಿ ರಕ್ತಕಣಗಳ ಏರಿಕೆ, ಎಕ್ಸ್‌ರೇಯಲ್ಲಿ ಹೊಸ ಛಾಯೆ, ಕಫದಲ್ಲಿ ಬ್ಯಾಕ್ಟೀರಿಯಾ, ಇವುಗಳನ್ನು ಕೂಡಿಸಿ ವೈದ್ಯರು ಒಂದು ತೀರ್ಮಾನಕ್ಕೆ ಬರುತ್ತಾರೆ, ಮತ್ತು ಈ ಲಕ್ಷಣಗಳಲ್ಲಿ ಹೆಚ್ಚಿನವು ಬೇರೆ ಕಾರಣಗಳಿಂದಲೂ ಬರಬಲ್ಲವು. ನಂಜುನಿರೋಧಕ ಬಾಯಿಯಿಂದ ಕೆಳಕ್ಕೆ ಜಿನುಗಿ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡಿದರೆ, ಶ್ವಾಸಕೋಶದ ಸ್ಥಿತಿ ಹಾಗೇ ಇದ್ದರೂ ಪ್ರಯೋಗಾಲಯದ ವರದಿ ಸುಧಾರಿಸುತ್ತದೆ, ವರದಿ ಸುಧಾರಿಸಿದಾಗ ನ್ಯುಮೋನಿಯಾದ ಎಣಿಕೆಯೂ ಇಳಿಯುತ್ತದೆ. ಇಂತಹ ಮಸುಕಾದ ಅಳತೆಗೋಲನ್ನು ನೆಚ್ಚಿ ಒಂದು ದ್ರಾವಣವನ್ನು ಜಗತ್ತಿನಾದ್ಯಂತ ಕಡ್ಡಾಯದಂತೆ ಹರಡಿದ್ದರಲ್ಲಿ ಅವಸರವಿತ್ತೆಂದೇ ಹೇಳಬೇಕಾಗುತ್ತದೆ; ಸಾವು, ವೆಂಟಿಲೇಟರಿನ ದಿನಗಳು, ಆಸ್ಪತ್ರೆವಾಸದ ಅವಧಿ ಎಂಬ ಗಟ್ಟಿ ಅಳತೆಗಳು ಆಗಲೇ ಲಭ್ಯವಿದ್ದವು.

ಕೆನಡಾದ ಟೊರಾಂಟೊದಲ್ಲಿ ಆರು ತೀವ್ರ ನಿಗಾ ಘಟಕಗಳು ಸರದಿಯಂತೆ ಕ್ಲೋರ್‌ಹೆಕ್ಸಿಡೀನನ್ನು ಕೈಬಿಟ್ಟು, ಅದರ ಬದಲು ಹಲ್ಲುಜ್ಜುವುದು, ಬಾಯಿಗೆ ತೇವ ಕೊಡುವುದು, ಗಂಟಲಿನ ದ್ರವ ಹೀರಿ ತೆಗೆಯುವುದು ಮುಂತಾದವುಗಳನ್ನು ಅಳವಡಿಸಿಕೊಂಡ ಪ್ರಯೋಗದ ಫಲಿತಾಂಶ 2021ರಲ್ಲಿ ಹೊರಬಂತು. 3260 ರೋಗಿಗಳನ್ನೊಳಗೊಂಡ ಈ ಅಧ್ಯಯನದಲ್ಲಿ ಸಾವಿನ ಪ್ರಮಾಣವಾಗಲಿ ಸೋಂಕಿನ ತೊಡಕುಗಳಾಗಲಿ ಗಮನಾರ್ಹವಾಗಿ ಬದಲಾಗಲಿಲ್ಲ. ಅಂದರೆ ಔಷಧವನ್ನು ಬಿಟ್ಟದ್ದರಿಂದ ನಷ್ಟವಾಗಲಿಲ್ಲ, ಬಾಯಿಯ ಆರೋಗ್ಯ ಮಾತ್ರ ಸುಧಾರಿಸಿತು. ಸಾಂಕ್ರಾಮಿಕ ರೋಗ ಮತ್ತು ಸೋಂಕು ನಿಯಂತ್ರಣದ ಅಮೆರಿಕನ್ ತಜ್ಞ ಸಂಘಟನೆಗಳು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ನಿತ್ಯ ಹಲ್ಲುಜ್ಜುವ ಬಾಯಿ ಆರೈಕೆಯನ್ನು ಅಗತ್ಯ ಕ್ರಮಗಳ ಗುಂಪಿಗೆ ಸೇರಿಸಿ, ಕ್ಲೋರ್‌ಹೆಕ್ಸಿಡೀನನ್ನು ಸಾಮಾನ್ಯವಾಗಿ ಬಳಸಬಾರದವುಗಳ ಗುಂಪಿಗೆ ಸರಿಸಿದವು. ತಜ್ಞರೆಲ್ಲ ಇದಕ್ಕೆ ತಲೆಯಾಡಿಸಿಲ್ಲ. ಅದಕ್ಕೂ ಮೊದಲೇ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2020ರ ವರದಿ ಕ್ಲೋರ್‌ಹೆಕ್ಸಿಡೀನಿನಿಂದ ನ್ಯುಮೋನಿಯಾ ಸುಮಾರು ಶೇಕಡಾ 26ರಿಂದ 18ಕ್ಕೆ ಇಳಿಯಬಹುದೆಂದೂ, ಸಾವಿನ ಮೇಲೆ ಅದರ ಪರಿಣಾಮ ಕಾಣುವುದಿಲ್ಲವೆಂದೂ ಹೇಳಿತ್ತು.

ಬ್ರಷ್ಷಿನ ಪರವಾದ ಪುರಾವೆಯೂ ಸಲೀಸಾಗಿ ಬಂದದ್ದಲ್ಲ. 2009ರಲ್ಲಿ ಅಮೆರಿಕದ ಸಿಂಡಿ ಮನ್ರೊ ಅವರ ತಂಡಕ್ಕೂ, 2012ರಲ್ಲಿ ಸ್ಪೇನಿನಲ್ಲಿ 436 ರೋಗಿಗಳನ್ನು ಅಧ್ಯಯನ ಮಾಡಿದ ತಂಡಕ್ಕೂ ಹಲ್ಲುಜ್ಜುವುದರಿಂದ ನ್ಯುಮೋನಿಯಾ ಕಡಿಮೆಯಾದದ್ದು ಕಾಣಲಿಲ್ಲ; ಸ್ಪೇನಿನ ಅಧ್ಯಯನದಲ್ಲಿ ಎರಡೂ ಗುಂಪುಗಳಿಗೆ ಕ್ಲೋರ್‌ಹೆಕ್ಸಿಡೀನ್ ಕೊಟ್ಟಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಚಿತ್ರ ಸ್ಪಷ್ಟವಾದದ್ದು 2023ರ ಡಿಸೆಂಬರಿನಲ್ಲಿ. 15 ಯಾದೃಚ್ಛಿಕ ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಹಲ್ಲುಜ್ಜಿಸಿಕೊಂಡವರಿಗೆ ಆಸ್ಪತ್ರೆಯಲ್ಲಿ ತಗುಲುವ ನ್ಯುಮೋನಿಯಾದ ಸಂಭವ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿತ್ತು. ತೀವ್ರ ನಿಗಾ ಘಟಕದಲ್ಲಿನ ಸಾವು ಸುಮಾರು ಐದನೆಯ ಒಂದು ಪಾಲು ಇಳಿದಿತ್ತು. ವೆಂಟಿಲೇಟರಿನ ಅವಧಿ ಸರಾಸರಿ ಒಂದು ದಿನಕ್ಕಿಂತ ತುಸು ಹೆಚ್ಚು ತಗ್ಗಿತ್ತು. ದಿನಕ್ಕೆ ಎರಡು ಸಲ ಉಜ್ಜಿದರೂ ಮೂರು ಸಲ ಉಜ್ಜಿದರೂ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಸೇರಿಸಿಕೊಂಡ ಪ್ರಯೋಗಗಳಲ್ಲಿ ಹಲವು ಚಿಕ್ಕವಾಗಿದ್ದವು, ಕೈಯಲ್ಲಿ ಬ್ರಷ್ ಹಿಡಿದ ನರ್ಸ್‌ಗೆ ತಾನು ಮಾಡುತ್ತಿರುವುದು ಏನೆಂದು ತಿಳಿಯದಂತೆ ಪ್ರಯೋಗ ನಡೆಸುವುದು ಸಾಧ್ಯವೂ ಇಲ್ಲ. ಈ ಮಿತಿಗಳನ್ನು ಒಪ್ಪಿಕೊಂಡರೂ, ಹೀಗೇಕೆ ಆಗುತ್ತದೆಂಬುದಕ್ಕೆ ಒಂದು ಸರಳ ಕಾರಣವಿದೆ. ಬಲಿತ ಪಾಚಿಯ ಅಂಟಿನೊಳಕ್ಕೆ ದ್ರಾವಣ ಆಳವಾಗಿ ಇಳಿಯದು. ಪಾತ್ರೆಗೆ ಹಿಡಿದ ಸೀಕಲು ನೀರು ಸುರಿದರೆ ಹೋಗದೆ ತಿಕ್ಕಿದರೇ ಹೋಗುವಂತೆ, ಅದನ್ನು ಕೀಳಲು ಎಳೆಗಳ ಉಜ್ಜುವಿಕೆಯೇ ಬೇಕು.

ಉಜ್ಜುವ ಕ್ರಮಕ್ಕೆ ಒಂದು ಶಿಸ್ತಿದೆ. ಅಪಾಯವಿಲ್ಲದಿದ್ದರೆ ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿಯಷ್ಟು ಎತ್ತರಿಸಿರಬೇಕು. ಬಾಯಿಗೆ ಹನಿ ನೀರು ಹಾಕುವ ಮೊದಲೇ ಕಫ್‌ನ ಒತ್ತಡವನ್ನು ಅಳೆಯಬೇಕು. ಕೊಳವೆ ಹಲ್ಲಿನ ಸಾಲಿನ ಬಳಿ ಎಷ್ಟನೆಯ ಸೆಂಟಿಮೀಟರ್ ಗುರುತಿನಲ್ಲಿದೆ ಎಂಬುದನ್ನು, ಸಾಮಾನ್ಯವಾಗಿ ಹೆಂಗಸರಲ್ಲಿ 21, ಗಂಡಸರಲ್ಲಿ 23ರ ಆಸುಪಾಸು, ಉಜ್ಜುವ ಮೊದಲೂ ಅನಂತರವೂ ನೋಡಿಕೊಳ್ಳಬೇಕು, ಏಕೆಂದರೆ ಕೊಳವೆ ಒಂದೆರಡು ಸೆಂಟಿಮೀಟರ್ ಸರಿದರೂ ಒಂದು ಶ್ವಾಸಕೋಶಕ್ಕೆ ಗಾಳಿ ತಪ್ಪಬಹುದು ಅಥವಾ ಕೊಳವೆಯೇ ಹೊರಬರಬಹುದು. ಆದ್ದರಿಂದಲೇ ಒಬ್ಬರು ಕೊಳವೆ ಹಿಡಿದು ಇನ್ನೊಬ್ಬರು ಉಜ್ಜುವುದು ಸುರಕ್ಷಿತ. ಮಕ್ಕಳ ಬ್ರಷ್ಷಿನಂತೆ ಚಿಕ್ಕ ತಲೆಯ, ಮೆತ್ತನೆಯ ಎಳೆಯ ಬ್ರಷ್ ಸಾಕು. ಎಡಗೈಯಲ್ಲಿ ಸಕ್ಷನ್ ನಳಿಕೆ ಹಿಡಿದು ಉಜ್ಜಿದ ಹಾಗೆಲ್ಲ ದ್ರವ ಎಳೆದುಕೊಳ್ಳಬೇಕು, ಇಲ್ಲವಾದರೆ ಕಿತ್ತ ಪಾಚಿ ನೇರವಾಗಿ ಕೆಳಗಿಳಿದು, ತಡೆಯಹೊರಟ ಕಾಯಿಲೆಯನ್ನೇ ತಂದೀತು. ಹಲ್ಲಿನ ಒಳಹೊರಮೈ, ಒಸಡು, ನಾಲಿಗೆ ಮುಗಿದ ಮೇಲೆ ಕೊಳವೆಯನ್ನು ತುಟಿಯ ಇನ್ನೊಂದು ಬದಿಗೆ ಸರಿಸಿ ಕಟ್ಟುವುದರಿಂದ ಒಂದೇ ಜಾಗದಲ್ಲಿ ಒತ್ತಿ ಹುಣ್ಣಾಗುವುದು ತಪ್ಪುತ್ತದೆ. ಮಧ್ಯದ ಹೊತ್ತಿನಲ್ಲಿ ಎರಡರಿಂದ ನಾಲ್ಕು ಗಂಟೆಗೊಮ್ಮೆ ಬಾಯಿಗೆ ತೇವ ಕೊಡುವುದು ಬೇರೆಯೇ ಕೆಲಸ. ಹಳೆಯ ಶುಶ್ರೂಷಾ ಪಾಠಗಳಲ್ಲಿದ್ದ ನಿಂಬೆ ಮತ್ತು ಗ್ಲಿಸರಿನ್ ಸವರುವ ಕ್ರಮ ಬಾಯನ್ನು ಇನ್ನಷ್ಟು ಒಣಗಿಸುವುದರಿಂದ ಅದನ್ನು ಕೈಬಿಡುವುದೇ ಒಳಿತು. ಸಡಿಲ ಹಲ್ಲು, ಕಟ್ಟಿಸಿದ ಹಲ್ಲಿನ ಸೆಟ್ಟು ಇವೆಯೇ ಎಂದು ಮೊದಲ ದಿನವೇ ಮನೆಯವರನ್ನು ಕೇಳಿ ಬರೆದಿಡಬೇಕು.

ರೋಗಿಗೆ ಪ್ರಜ್ಞೆಯಿಲ್ಲವೆಂದು ತೋರಿದರೂ ‘ಅಜ್ಜಾ, ಹಲ್ಲು ಉಜ್ತೀನಿ, ಸ್ವಲ್ಪ ಬಾಯಿ ಬಿಡಿ’ ಎಂದು ಹೇಳಿಯೇ ಕೈಹಾಕುವುದು ಸೌಜನ್ಯ ಮಾತ್ರವಲ್ಲ. ಮುನ್ಸೂಚನೆಯಿಲ್ಲದೆ ಬಾಯಿಗೆ ವಸ್ತು ನುಗ್ಗಿದಾಗ ಅರೆಪ್ರಜ್ಞೆಯ ರೋಗಿ ದವಡೆ ಬಿಗಿದು ಕೊಳವೆಯನ್ನೇ ಕಚ್ಚುವ ಸಾಧ್ಯತೆ ಹೆಚ್ಚು.

ಇದಿಷ್ಟನ್ನೂ ಸರಿಯಾಗಿ ಮಾಡಲು ನಿಮಿಷಗಳು ಹಿಡಿಯುತ್ತವೆ, ಗಾಜ್ ಸವರಲು ಕ್ಷಣಗಳು ಸಾಕು. ಒಬ್ಬ ನರ್ಸ್ ಎರಡು ಮೂರು ಯಂತ್ರಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಘಟಕದಲ್ಲಿ, ಔಷಧದ ಪಂಪ್ ಕೂಗಿದರೆ ಯಾರಾದರೂ ಓಡಿಬರುತ್ತಾರೆ, ಉಜ್ಜದ ಹಲ್ಲು ಕೂಗುವುದಿಲ್ಲ. ಶುಶ್ರೂಷಾ ಸಂಶೋಧಕಿ ಬಿಯಾಟ್ರಿಸ್ ಕಾಲಿಶ್ ಅವರು 2006ರಿಂದ ಬಿಟ್ಟುಹೋದ ಶುಶ್ರೂಷೆ ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದ್ದು ಇಂತಹ ಕೆಲಸಗಳನ್ನೇ. ಸಿಬ್ಬಂದಿ ಕಡಿಮೆಯಾದಾಗ ಮೊದಲು ಜಾರಿಹೋಗುವವುಗಳಲ್ಲಿ ಬಾಯಿ ಆರೈಕೆಯೂ ಒಂದು. ದೋಷವನ್ನು ನರ್ಸ್‌ಗಳ ತಲೆಗೆ ಕಟ್ಟುವುದು ಸುಲಭ, ಆದರೆ ಸಕ್ಷನ್ ನಳಿಕೆಗಳನ್ನೂ ಎರಡನೆಯ ಜೋಡಿ ಕೈಗಳನ್ನೂ ಒದಗಿಸಬೇಕಾದವರು ಆಡಳಿತಗಾರರು.

ಬ್ರೆಜಿಲ್ ಈ ಹೊರೆಯನ್ನು ಹಂಚುವ ಒಂದು ದಾರಿಯನ್ನು ಪರೀಕ್ಷಿಸಿ ನೋಡಿದೆ. ಅಲ್ಲಿನ ರಿಬೇರಾವ್ ಪ್ರೆಟೊದಲ್ಲಿ ತೀವ್ರ ನಿಗಾ ಘಟಕದ 254 ರೋಗಿಗಳ ಪೈಕಿ ಅರ್ಧದಷ್ಟು ಮಂದಿಗೆ ದಂತವೈದ್ಯರೇ ವಾರಕ್ಕೆ ನಾಲ್ಕೈದು ಸಲ ಬಂದು ಹಲ್ಲುಜ್ಜಿ, ಕಿಟ್ಟ ತೆಗೆದು, ಅಗತ್ಯವಿದ್ದರೆ ಹುಳುಕು ತುಂಬಿ ಅಥವಾ ಹಲ್ಲು ಕಿತ್ತರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರಲ್ಲಿ ಶ್ವಾಸಕೋಶದ ಸೋಂಕು ಶೇಕಡಾ 8.7, ವಾಡಿಕೆಯ ಆರೈಕೆ ಪಡೆದವರಲ್ಲಿ 18.1. ದೇಶದಲ್ಲಿ ಅತಿ ಹೆಚ್ಚು ದಂತವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿದೆ. ಅವುಗಳಲ್ಲಿ ಹಲವು ವೈದ್ಯಕೀಯ ಕಾಲೇಜಿನ ಆವರಣದಲ್ಲೇ, ತೀವ್ರ ನಿಗಾ ಘಟಕದಿಂದ ಕೂಗಳತೆಯ ದೂರದಲ್ಲಿವೆ. ಅಲ್ಲಿನ ಇಂಟರ್ನ್‌ಗಳನ್ನು ದಿನಕ್ಕೊಂದು ಹೊತ್ತು ಈ ಘಟಕಕ್ಕೆ ಕಳುಹಿಸಲು ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಬೇಕಿಲ್ಲ, ಎರಡು ವಿಭಾಗಗಳ ಮುಖ್ಯಸ್ಥರು ಒಂದು ವೇಳಾಪಟ್ಟಿಗೆ ಸಹಿ ಹಾಕಿದರೆ ಆಗುತ್ತದೆ. ಅಂತಹ ವ್ಯವಸ್ಥೆ ಬಂದರೂ ಅದು ಕೊಳವೆ ತೆಗೆದ ದಿನವೇ ನಿಲ್ಲುವಂತಿರಬಾರದು. ಹಲವು ದಿನ ಗಂಟಲಲ್ಲಿದ್ದ ಕೊಳವೆ ಹೊರಬಂದ ಮೇಲೂ ನುಂಗುವ ಸ್ನಾಯುಗಳ ಹೊಂದಾಣಿಕೆ ಮರಳಲು ದಿನಗಳು ಹಿಡಿಯುವುದರಿಂದ, ವಾರ್ಡಿಗೆ ಬಂದ ರೋಗಿ ಗಂಜಿ ಕುಡಿಯುವಾಗಲೂ ಜೊಲ್ಲು ನುಂಗುವಾಗಲೂ ಕೆಲವು ಹನಿಗಳು ಶ್ವಾಸನಾಳಕ್ಕೆ ಇಳಿಯುತ್ತಿರುತ್ತವೆ; ವೆಂಟಿಲೇಟರ್ ಇಲ್ಲದ ರೋಗಿಗಳಲ್ಲಿ ಹಲ್ಲುಜ್ಜುವುದರ ಪ್ರಯೋಜನಕ್ಕೆ 2023ರ ವಿಶ್ಲೇಷಣೆಯಲ್ಲಿ ಖಚಿತ ಪುರಾವೆ ಸಿಕ್ಕಿಲ್ಲವಾದರೂ, ಬ್ರಷ್ಷನ್ನೂ ಪೇಸ್ಟನ್ನೂ ಮನೆಯಿಂದ ತರುವಂತೆ ಬಂಧುಗಳಿಗೆ ಹೇಳಿ, ಉಜ್ಜಿಸುವ ಬಗೆಯನ್ನು ಹಾಸಿಗೆಯ ಪಕ್ಕದಲ್ಲೇ ಅವರಿಗೆ ಕಲಿಸಲು ವಾರ್ಡಿನ ನರ್ಸ್‌ಗಳು ಆ ಪುರಾವೆಗಾಗಿ ಕಾಯಬೇಕಾಗಿಲ್ಲ.